ಏರ್ ಫ್ರೈಯರ್ ಓವನ್: ಒಳಗಿರುವುದು ಎರಡು ಕಾಯಿಲ್, ಒಂದು ಫ್ಯಾನ್

ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಏರ್ ಫ್ರೈಯರ್ ಓವನ್ ಡಬ್ಬಗಳ ಮೇಲೆ ‘12 ಇನ್ 1’, ‘18 ಪ್ರೀಸೆಟ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಟೋಸ್ಟ್, ಬೇಕ್, ರೋಸ್ಟ್, ಗ್ರಿಲ್, ಏರ್ ಫ್ರೈ, ಪಿಜ್ಜಾ, ಡಿಹೈಡ್ರೇಟ್, ರೀಹೀಟ್. ಓದುತ್ತಾ ಹೋದರೆ ತಲೆ ತಿರುಗುತ್ತೆ. ಹೊರಗಿನ ತಗಡು ಬಿಚ್ಚಿದರೆ ಕಾಣುವುದು ಮಾತ್ರ ಇಷ್ಟೇ: ಮೇಲೊಂದು ಕಾಯಿಲ್, ಕೆಳಗೊಂದು ಕಾಯಿಲ್, ಗಾಳಿ ತಿರುಗಿಸಲು ಒಂದು ಫ್ಯಾನ್. ಜೊತೆಗೆ ಬಿಸಿ ಎಷ್ಟಿದೆ ಅಂತ ನೋಡಿಕೊಳ್ಳುವ ಥರ್ಮೋಸ್ಟಾಟ್ ಮತ್ತು ಒಂದು ಟೈಮರ್.

12 ಕೆಲಸ ಅಂದರೆ ಈ ಮೂರನ್ನು ಬೇರೆ ಬೇರೆ ಲೆಕ್ಕದಲ್ಲಿ ಓಡಿಸುವ 12 ಹೆಸರುಗಳು. ಮೇಲಿನ ಕಾಯಿಲ್ ಮಾತ್ರ ಉರಿದರೆ ಗ್ರಿಲ್. ಎರಡೂ ಉರಿದು ಫ್ಯಾನ್ ನಿಂತಿದ್ದರೆ ಟೋಸ್ಟ್. ಎರಡೂ ಉರಿದು ಬಿಸಿ ಒಂದೇ ಮಟ್ಟದಲ್ಲಿ ನಿಂತರೆ ಬೇಕ್. ಮೇಲಿನ ಕಾಯಿಲ್ ಉರಿಯುತ್ತಾ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಿದರೆ ಏರ್ ಫ್ರೈ. ಫ್ಯಾನ್ ತಿರುಗುತ್ತಾ ಬಿಸಿ 50-70 ಡಿಗ್ರಿಯಲ್ಲೇ ಉಳಿದರೆ ಡಿಹೈಡ್ರೇಟ್, ಅಂದರೆ ಒಣಗಿಸುವುದು. ಒಂದೊಂದು ಕಂಪನಿಯಲ್ಲಿ ಸ್ವಲ್ಪ ಆಚೀಚೆ ಇರುತ್ತೆ, ಮೂಲ ಲೆಕ್ಕ ಇದೇ. ಹಾಗಾಗಿ 12 ಇದ್ದದ್ದಕ್ಕಿಂತ 18 ಇದ್ದದ್ದು ಒಳ್ಳೆಯದು ಅಂದುಕೊಂಡು ಸುಮ್ನೆ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಗಾಳಿಯ ಕೆಲಸ

ಮೊದಲು ಬಾಣಲೆಯಲ್ಲಿ ಏನಾಗುತ್ತೆ ನೋಡೋಣ. ಕರಿಯುವಾಗ ಎಣ್ಣೆ 170ರಿಂದ 190 ಡಿಗ್ರಿವರೆಗೆ ಕಾದಿರುತ್ತೆ. ಬೋಂಡ ಬಿಟ್ಟ ತಕ್ಷಣ ಎಣ್ಣೆ ಅದರ ಮೈಗೆ ಎಲ್ಲ ಕಡೆಯಿಂದಲೂ ಅಂಟಿಕೊಂಡು ಬಿಸಿ ದಾಟಿಸುತ್ತೆ. ಮೇಲ್ಪದರದ ನೀರು ಆವಿಯಾಗಿ ಗುಳ್ಳೆ ಗುಳ್ಳೆಯಾಗಿ ಹೊರಬರುತ್ತೆ. ನೀರು ಇರುವವರೆಗೂ ಆ ಜಾಗ 100 ಡಿಗ್ರಿ ದಾಟುವುದಿಲ್ಲ. ನೀರು ಹೋದ ಮೇಲೆ ಬಿಸಿ ಏರುತ್ತೆ, 140 ಡಿಗ್ರಿ ಆಸುಪಾಸಿನಲ್ಲಿ ಹಿಟ್ಟಿನ ಸಕ್ಕರೆ ಮತ್ತು ಪ್ರೋಟೀನ್ ಸೇರಿ ಕಂದು ಬಣ್ಣ, ಕರಿದ ಘಮ ಎರಡೂ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮಯಾರ್ ಹೆಸರಿನಲ್ಲೇ ಇದನ್ನು ಮಯಾರ್ ಕ್ರಿಯೆ ಅಂತಾರೆ. ದೋಸೆಯ ತಳ ಕೆಂಪಗಾಗುವುದೂ, ಬ್ರೆಡ್ ಟೋಸ್ಟ್ ಆಗುವುದೂ ಬಹುಮಟ್ಟಿಗೆ ಇದರಿಂದಲೇ.

ಗಾಳಿ ಎಣ್ಣೆಯಷ್ಟು ಚೆನ್ನಾಗಿ ಬಿಸಿ ದಾಟಿಸುವುದಿಲ್ಲ. 100 ಡಿಗ್ರಿ ಬಿಸಿಯ ಓವನ್ ಒಳಗೆ ಒಂದು ಕ್ಷಣ ಕೈ ಹಾಕಿ ತೆಗೆಯಬಹುದು, 100 ಡಿಗ್ರಿ ನೀರಿಗೆ ಕೈ ಹಾಕಲಾಗುವುದಿಲ್ಲ ಅಲ್ವಾ? ಇನ್ನೊಂದು ತೊಡಕೂ ಇದೆ. ಓವನ್ ಒಳಗಿನ ಗಾಳಿ ಸುಮ್ಮನೆ ನಿಂತಿದ್ದರೆ, ತಿಂಡಿಯ ಮೈ ಸುತ್ತ ತೇವದ ತಣ್ಣನೆ ಗಾಳಿಯ ತೆಳ್ಳನೆ ಪದರ ಕಟ್ಟಿಕೊಳ್ಳುತ್ತೆ. ಒಳಗಿಂದ ಹೊರಟ ಆವಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಬಿಸಿಲಿದ್ದರೂ ಗಾಳಿ ಆಡದ ಹಿತ್ತಲಲ್ಲಿ ಬಟ್ಟೆ ತಡವಾಗಿ ಒಣಗುತ್ತಲ್ಲ, ಇದೂ ಹಾಗೆಯೇ. ಫ್ಯಾನ್ ಜೋರಾಗಿ ಬೀಸಿದರೆ ಆ ಪದರ ಹಾರಿಹೋಗುತ್ತೆ, ಆವಿಯೂ ಹೋಗುತ್ತೆ, ಕಾಯಿಲ್ ದಾಟಿ ಬಂದ ಬಿಸಿ ಗಾಳಿ ನೇರವಾಗಿ ಮೈಗೆ ತಾಗುತ್ತೆ. ಮೇಲ್ಪದರ ಬೇಗ ಒಣಗಿ ಬೇಗ ಕೆಂಪಗಾಗುತ್ತೆ.

ಅಂದರೆ ಹೆಸರು ಫ್ರೈಯರ್ ಆದರೂ ಇದು ಒಣಗಿಸುವ ಯಂತ್ರ. ಯಾವ ಓವನ್ ಕೊಳ್ಳಬೇಕು, ಏನು ಚೆನ್ನಾಗಿ ಆಗುತ್ತೆ, ಏನು ಆಗಲ್ಲ ಅನ್ನುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಮೆಣಸಿನಕಾಯಿ ಬಜ್ಜಿ ಇದರಲ್ಲಿ ಯಾಕೆ ಆಗುವುದಿಲ್ಲ? ನೀರಾದ ಕಡಲೆಹಿಟ್ಟನ್ನು ಎಣ್ಣೆ ಮುಟ್ಟಿದ ಕ್ಷಣವೇ ಗಟ್ಟಿ ಮಾಡುತ್ತೆ, ಗಾಳಿಗೆ ಅದಕ್ಕೆ ನಿಮಿಷಗಳು ಬೇಕು. ಅಷ್ಟರಲ್ಲಿ ಹಿಟ್ಟು ಜಾಲರಿಯ ಸಂದಿಯಿಂದ ಇಳಿದು ಕೆಳಗಿನ ಟ್ರೇ ಸೇರಿರುತ್ತೆ. ಪೂರಿಯದೂ ಇದೇ ಕಥೆ. ಉಬ್ಬುವ ಮುಂಚೆಯೇ ಮೇಲ್ಪದರ ಒಣಗಿ ಹಪ್ಪಳದ ತರಹ ಬಿರುಸಾಗುತ್ತೆ. ಉದ್ದಿನವಡೆಗೆ ಆಕಾರ ಬರುತ್ತೆ, ರುಚಿ ಬರುವುದಿಲ್ಲ. ಬಜ್ಜಿ, ಪೂರಿ, ಉದ್ದಿನವಡೆ ಮೂರನ್ನೂ ಬಾಣಲೆಗೇ ಬಿಟ್ಟುಬಿಡಿ.

ಹೆಸರುಗಳ ಗೊಂದಲವನ್ನೂ ಇಲ್ಲೇ ಮುಗಿಸೋಣ. ನಮ್ಮಲ್ಲಿ ಓಟಿಜಿ (ಓವನ್, ಟೋಸ್ಟರ್, ಗ್ರಿಲ್) ಅಂತ ಮಾರುವ, ಮುಂದೆ ಗಾಜಿನ ಬಾಗಿಲಿರುವ ಪೆಟ್ಟಿಗೆಯನ್ನೇ ಅಮೆರಿಕದಲ್ಲಿ ಟೋಸ್ಟರ್ ಓವನ್ ಅಂತಾರೆ. ಎಳೆಯುವ ಬುಟ್ಟಿಯಿರುವ ಏರ್ ಫ್ರೈಯರ್ ಜನಪ್ರಿಯವಾದದ್ದು ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್‌ನ ಐಎಫ್‌ಎ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಅದನ್ನು ತೋರಿಸಿದ ಮೇಲೆ. ಫ್ಯಾನ್ ಇರುವ ಕನ್ವೆಕ್ಷನ್ ಓವನ್‌ಗಳು ಅದಕ್ಕೂ ದಶಕಗಳ ಹಿಂದೆಯೇ ಇದ್ದವು. ಹೊಸದಾಗಿ ಬಂದದ್ದು ಸಣ್ಣ ಜಾಗ ಮತ್ತು ಜೋರು ಗಾಳಿಯ ಜೋಡಿ. ಓಟಿಜಿ ಪೆಟ್ಟಿಗೆಗೆ ಆ ಜೋರು ಗಾಳಿಯನ್ನು ಸೇರಿಸಿದರೆ ನಾವು ಈಗ ಮಾತಾಡುತ್ತಿರುವ ಏರ್ ಫ್ರೈಯರ್ ಓವನ್.

ಕೊಳ್ಳುವಾಗ ಏನು ನೋಡಬೇಕು

ಲೀಟರ್ ಲೆಕ್ಕ ನಂಬಿ ಮೋಸ ಹೋಗುವವರೇ ಜಾಸ್ತಿ. ‘25 ಲೀಟರ್’ ಅನ್ನುವುದು ಪೆಟ್ಟಿಗೆಯ ಒಳಗಿನ ಒಟ್ಟು ಜಾಗ. ನೀವು ಅಷ್ಟಕ್ಕೂ ಆಲೂಗಡ್ಡೆ ತುಂಬಲಾರಿರಿ. ಗಾಳಿ ಎಲ್ಲ ಕಡೆ ತಾಗಬೇಕಾದರೆ ತುಂಡುಗಳು ಒಂದೇ ಪದರದಲ್ಲಿ, ಒಂದಕ್ಕೊಂದು ಅಂಟದೆ ಹರಡಿರಬೇಕು. ಹಾಗಾಗಿ ನೋಡಬೇಕಾದ್ದು ಟ್ರೇಯ ಅಗಲ. 20 ಸೆಂಟಿಮೀಟರ್ ಚೌಕದ ಬುಟ್ಟಿಯಲ್ಲಿ 400 ಚದರ ಸೆಂಟಿಮೀಟರ್ ಜಾಗ. 30 ಸೆಂಟಿಮೀಟರ್ ಚೌಕದ ಟ್ರೇಯಲ್ಲಿ 900. ಎರಡು ಪಟ್ಟಿಗಿಂತಲೂ ಜಾಸ್ತಿ. ನಾಲ್ಕು ಜನರಿರುವ ಮನೆಯಲ್ಲಿ ಬುಟ್ಟಿಯವರು ಎರಡು ಸಲ ಹಾಕಿ ತೆಗೆಯುವಷ್ಟನ್ನು ಓವನ್‌ನವರು ಒಂದೇ ಸಲಕ್ಕೆ ಮುಗಿಸುತ್ತಾರೆ.

ಆದರೆ ದೊಡ್ಡ ಪೆಟ್ಟಿಗೆಯಲ್ಲಿ ಗಾಳಿಯ ಬಿರುಸು ಕಮ್ಮಿ. ಸಣ್ಣ ಬುಟ್ಟಿ ಎರಡು-ಮೂರು ನಿಮಿಷದಲ್ಲಿ ಕಾಯುತ್ತೆ, ಓವನ್‌ಗೆ ಐದರಿಂದ ಎಂಟು ನಿಮಿಷ ಬೇಕು. ಗರಿಗರಿಯ ವಿಷಯದಲ್ಲಿ ಒಳ್ಳೆಯ ಬುಟ್ಟಿಯೇ ಒಂದು ಕೈ ಮೇಲು, ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಬುಟ್ಟಿಯನ್ನು ಹಿಡಿದು ನಾಲ್ಕು ಸಲ ಕುಲುಕಿದರೆ ತುಂಡುಗಳು ಮಗುಚಿಕೊಳ್ಳುತ್ತವೆ. ಓವನ್‌ನಲ್ಲಿ ಟ್ರೇ ಹೊರಗೆಳೆದು ಇಕ್ಕಳ ಹಿಡಿದು ತಿರುಗಿಸಬೇಕು. ಇಬ್ಬರೇ ಇರುವ ಮನೆ, ಕೇಕ್-ಪಿಜ್ಜಾ ಮಾಡುವವರಲ್ಲ ಅಂದರೆ ಬುಟ್ಟಿಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳಿರುವ ಮನೆ, ವಾರಕ್ಕೊಮ್ಮೆ ಕೇಕೋ ಬನ್ನೋ ಆಗುತ್ತೆ ಅನ್ನುವವರಿಗೆ ಓವನ್.

ಓವನ್ ಅಂತ ನಿರ್ಧಾರ ಮಾಡಿದ ಮೇಲೆ ಅಂಗಡಿಯಲ್ಲಿ ಬಾಗಿಲು ತೆರೆದು ಬಗ್ಗಿ ನೋಡಿ. ಕೆಳಗೆ ಕಾಯಿಲ್ ಇದೆಯಾ? ‘ಏರ್ ಫ್ರೈಯರ್ ಓವನ್’ ಹೆಸರಿನಲ್ಲಿ ಸಿಗುವ, 10-12 ಲೀಟರ್‌ನ ಎತ್ತರದ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಮೇಲೆ ಮಾತ್ರ ಕಾಯಿಲ್ ಇರುತ್ತೆ. ಅದರಲ್ಲಿ ಕಬಾಬ್ ಚೆನ್ನಾಗಾಗುತ್ತೆ. ಕೇಕ್ ಇಟ್ಟರೆ ಮೇಲೆ ಕಪ್ಪಾದರೂ ತಳ ಹಸಿ. ಪಿಜ್ಜಾದ ತಳವೂ ಮೆತ್ತಗೆ. ಬೇಕಿಂಗ್ ಮಾಡುವ ಆಸೆ ಇದ್ದರೆ ಕೆಳಗಿನ ಕಾಯಿಲ್ ಬೇಕೇ ಬೇಕು. ಫ್ಯಾನನ್ನು ಬೇರೆಯಾಗಿ ಆಫ್ ಮಾಡುವ ಸೌಲಭ್ಯವೂ ಬೇಕು. ಜೋರು ಗಾಳಿಗೆ ಕೇಕ್ ಮೇಲ್ಪದರ ಮೊದಲೇ ಗಟ್ಟಿಯಾಗಿ, ಒಳಗಿನ ಹಿಟ್ಟು ಅದನ್ನು ಸೀಳಿಕೊಂಡು ಮೇಲೆ ಬರುತ್ತೆ.

ಆಮೇಲೆ ಗರಿಷ್ಠ ಬಿಸಿ ಎಷ್ಟು ಅಂತ ಕೇಳಿ. ತುಂಬಾ ಏರ್ ಫ್ರೈಯರ್‌ಗಳು 200 ಡಿಗ್ರಿಗೆ ನಿಲ್ಲುತ್ತವೆ. ಪಿಜ್ಜಾ, ನಾನ್ ಮಾಡುವವರಿಗೆ 230-250 ಬೇಕು. ಟ್ರೇಯ ಅಗಲವನ್ನು ನಿಮ್ಮ ಕೇಕ್ ಟಿನ್‌ಗೆ ಹೊಂದಿಸಿ ನೋಡಿ. 9 ಇಂಚಿನ ಟಿನ್ ಹಿಡಿಸಿದರಷ್ಟೇ ಸಾಲದು, ಸುತ್ತಲೂ ಗಾಳಿ ಓಡಾಡಲು ಎರಡು ಬೆರಳಷ್ಟು ಜಾಗ ಉಳಿಯಬೇಕು.

ತಿರುಗಿಸುವ ಗುಂಡಿಯೋ, ಟಚ್ ಪ್ಯಾನಲ್ಲೋ? ಟಚ್ ನೋಡಲು ಚಂದ, ಡಿಗ್ರಿಯೂ ಸಾಮಾನ್ಯವಾಗಿ ಹೆಚ್ಚು ನಿಖರ. ಆದರೆ ಅದರ ಬೋರ್ಡ್ ಸುಟ್ಟರೆ ಕಂಪನಿಯ ಸರ್ವೀಸ್ ಸೆಂಟರನ್ನೇ ಹುಡುಕಬೇಕು. ಬೆಂಗಳೂರಲ್ಲಿ ಪರವಾಗಿಲ್ಲ, ತಾಲ್ಲೂಕು ಊರುಗಳಲ್ಲಿ ಕಷ್ಟ. ಗುಂಡಿಯ ಥರ್ಮೋಸ್ಟಾಟ್, ಟಿಕ್ ಟಿಕ್ ಅನ್ನುವ ಟೈಮರ್ ಕೆಟ್ಟರೆ ಮಿಕ್ಸಿ ರಿಪೇರಿಯವರೇ ಬದಲಾಯಿಸಿ ಕೊಡಬಹುದು. ಮನೆಯಲ್ಲಿ ಅಜ್ಜಿ-ತಾತ ಬಳಸುವುದಾದರೆ ಗುಂಡಿಯೇ ವಾಸಿ.

ಬಾಗಿಲು ಕೆಳಕ್ಕೆ ತೆರೆದುಕೊಳ್ಳುವುದರಿಂದ ಮುಂದೆ ಒಂದು ಅಡಿ ಜಾಗ ಬೇಕು. ಹಿಂದೆ, ಪಕ್ಕದಲ್ಲಿ, ಮೇಲೆ ಕನಿಷ್ಠ 10 ಸೆಂಟಿಮೀಟರ್ ಬಿಡಿ. ಗ್ರಾನೈಟ್ ಕಟ್ಟೆಗೆ ಬಿಸಿಯಿಂದ ಏನೂ ಆಗಲ್ಲ. ಮೇಲಿನ ಪ್ಲೈವುಡ್ ಕಪಾಟಿಗೆ ಆಗುತ್ತೆ, ಸನ್‌ಮೈಕಾ ಎದ್ದು ಬರುತ್ತೆ. ಓವನ್ ತಲೆಯ ಮೇಲೆ ಬ್ರೆಡ್ ಪ್ಯಾಕೆಟ್, ಟವೆಲ್ ಇಡುವ ಅಭ್ಯಾಸ ಬೇಡ.

ಕರೆಂಟಿನ ಲೆಕ್ಕ

ಇದನ್ನು ಅಂಗಡಿಯವರು ಹೇಳುವುದು ಕಮ್ಮಿ. ನಮ್ಮ ಮನೆಗೆ ಬರುವುದು 230 ವೋಲ್ಟ್. ಮಿಕ್ಸಿ ಹಾಕುವ ಸಣ್ಣ ಸಾಕೆಟ್ 6 ಆಂಪ್. 6ನ್ನು 230ರಿಂದ ಗುಣಿಸಿದರೆ 1380 ವಾಟ್, ಅದರ ಮಿತಿ ಅಷ್ಟು. ಏರ್ ಫ್ರೈಯರ್ ಓವನ್‌ಗಳು ಸಾಮಾನ್ಯವಾಗಿ 1500ರಿಂದ 2000 ವಾಟ್ ಎಳೆಯುತ್ತವೆ. ಅದಕ್ಕೇ ಅವುಗಳ ಪ್ಲಗ್‌ನ ಕಾಲು ದಪ್ಪ. ಗೀಸರ್‌ಗೆ ಹಾಕುವ 16 ಆಂಪ್ ಸಾಕೆಟ್ ಬೇಕು. ಎಲೆಕ್ಟ್ರಿಷಿಯನ್ ಬಳಿ ‘ಪವರ್ ಪಾಯಿಂಟ್’ ಅಂದರೆ ಸಾಕು. ದಪ್ಪ ಕಾಲನ್ನು ಸಣ್ಣ ಸಾಕೆಟ್‌ಗೆ ಸೇರಿಸುವ ಅಗ್ಗದ ಕನ್ವರ್ಟರ್ ಪಿನ್ ಸಿಗುತ್ತೆ, ಅದರ ತಂಟೆಗೆ ಹೋಗಬೇಡಿ. ಮೊದಲು ಸಾಕೆಟ್ ಹಳದಿಯಾಗುತ್ತೆ, ಆಮೇಲೆ ಸುಟ್ಟ ವಾಸನೆ ಬರುತ್ತೆ. ಎಕ್ಸ್‌ಟೆನ್ಷನ್ ಬೋರ್ಡೂ ಬೇಡ. ಇಂಡಕ್ಷನ್ ಒಲೆ, ಓವನ್ ಎರಡೂ ಒಂದೇ ಲೈನಿನಲ್ಲಿದ್ದು ಒಟ್ಟಿಗೆ ಹಾಕಿದರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳಬಹುದು. ಕರೆಂಟ್ ಹೋದಾಗ ಮನೆಯ ಸಾಮಾನ್ಯ ಯುಪಿಎಸ್ ಮೇಲೆ ಇದನ್ನು ಓಡಿಸುವ ಯೋಚನೆಯೂ ಬೇಡ.

ಹಳ್ಳಿ ಕಡೆ ಇರುವವರಿಗೆ ಇನ್ನೊಂದು ಮಾತು. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿದರೆ ಕಾಯಿಲ್‌ನ ಬಿಸಿ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಇನ್ನೂ ಜಾಸ್ತಿ ಇಳಿಯುತ್ತೆ. 1800 ವಾಟ್‌ನ ಓವನ್ ಆಗ ಹತ್ತಿರ ಹತ್ತಿರ 1100 ವಾಟ್‌ನದಾಗಿ ಕೆಲಸ ಮಾಡುತ್ತೆ. ಬೆಳಿಗ್ಗೆ 20 ನಿಮಿಷಕ್ಕೆ ಆದದ್ದು ಸಂಜೆ 30 ನಿಮಿಷವಾದರೂ ಆಗದಿದ್ದರೆ ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ.

ಬಿಲ್ ಎಷ್ಟು ಏರುತ್ತೆ? 1800 ವಾಟ್‌ನ ಓವನ್ 25 ನಿಮಿಷ ಬಿಡದೆ ಉರಿದರೆ ಮುಕ್ಕಾಲು ಯೂನಿಟ್. ಥರ್ಮೋಸ್ಟಾಟ್ ನಡುನಡುವೆ ಕಾಯಿಲ್ ಆರಿಸುವುದರಿಂದ ನಿಜವಾಗಿ ಸುಮಾರು ಅರ್ಧ ಯೂನಿಟ್ ಅಂತಿಟ್ಟುಕೊಳ್ಳಿ. ದಿನಾ ಬಳಸಿದರೆ ತಿಂಗಳಿಗೆ 15 ಯೂನಿಟ್, ಅಂದರೆ ನೂರು ರೂಪಾಯಿ ಆಸುಪಾಸು. ಗೃಹಜ್ಯೋತಿ ಇರುವ ಮನೆಗಳು ಮಾತ್ರ ಇನ್ನೊಮ್ಮೆ ಲೆಕ್ಕ ಹಾಕಬೇಕು. ಆ ಯೋಜನೆ ಶುರುವಾದಾಗ 2022-23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿ ಉಚಿತ ಮಿತಿ ನಿಗದಿ ಮಾಡಿದರು. ಸರಾಸರಿ 100 ಯೂನಿಟ್ ಇದ್ದ ಮನೆಗೆ 110. ಇಲ್ಲಿ 15 ಯೂನಿಟ್ ಸೇರಿದರೆ ಮಿತಿ ದಾಟುತ್ತೆ, ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. ಈಗಾಗಲೇ 190 ಯೂನಿಟ್ ಉರಿಸುತ್ತಿರುವ ಮನೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲೇ ಕಟ್ಟಬೇಕಾಗುತ್ತೆ.

ಅಮೆರಿಕದಲ್ಲಿರುವ ಮಗ-ಮಗಳು ‘ಇಲ್ಲಿ ಆಫರ್ ಇದೆ, ತರ್ತೀನಿ’ ಅಂದರೆ ಬೇಡ ಅನ್ನಿ. ಅಲ್ಲಿಯದು 120 ವೋಲ್ಟ್. ಅದನ್ನು ನಮ್ಮ 230ಕ್ಕೆ ನೇರ ಹಾಕಿದರೆ ಕಾಯಿಲ್ ಮೂರೂವರೆ ಪಟ್ಟಿಗಿಂತ ಜಾಸ್ತಿ ವಿದ್ಯುತ್ ಎಳೆದು ಸುಟ್ಟೇಹೋಗುತ್ತೆ. 1800 ವಾಟ್ ತಾಳುವ ಟ್ರಾನ್ಸ್‌ಫಾರ್ಮರ್ ಕೊಂಡರೆ ಅದು ಓವನ್‌ಗಿಂತ ಭಾರ. ಅಲ್ಲಿರುವ ಕನ್ನಡಿಗರಿಗೂ ಇದೇ ಗಣಿತ ಬೇರೆ ರೀತಿಯಲ್ಲಿ ಕಾಡುತ್ತೆ. ಅಲ್ಲಿನ ಸಾಮಾನ್ಯ 15 ಆಂಪ್ ಲೈನಿಗೆ 1800 ವಾಟೇ ಮಿತಿ. ದೊಡ್ಡ ಟೋಸ್ಟರ್ ಓವನ್‌ಗಳ ಮೇಲೆಲ್ಲ ಅದೇ ಅಂಕಿ ಕಾಣುವುದು ಅದಕ್ಕೇ. ಅದೇ ಲೈನಿನಲ್ಲಿ ಮೈಕ್ರೋವೇವ್ ಹಾಕಿದರೆ ಬ್ರೇಕರ್ ಬೀಳುತ್ತೆ. ಅಲ್ಲಿಯ ರೆಸಿಪಿ ನೋಡಿ ಇಲ್ಲಿ ಮಾಡುವವರು ಫ್ಯಾರನ್‌ಹೀಟ್ ಮರೆಯಬಾರದು: ಅವರ 400 ಅಂದರೆ ನಮ್ಮ 200ಕ್ಕಿಂತ ನಾಲ್ಕು ಡಿಗ್ರಿ ಜಾಸ್ತಿ, 350 ಅಂದರೆ ಸುಮಾರು 177.

ಬಳಸುವಾಗ

ತಂದ ದಿನ ಖಾಲಿ ಓವನ್ನನ್ನು 200 ಡಿಗ್ರಿಯಲ್ಲಿ ಕಾಲು ಗಂಟೆ ಓಡಿಸಿ. ಕಾಯಿಲ್ ಮೇಲೆ ಕಾರ್ಖಾನೆಯಲ್ಲಿ ಬಳಿದ ಎಣ್ಣೆ ಸುಟ್ಟು ಸ್ವಲ್ಪ ಹೊಗೆ, ವಾಸನೆ ಬರುತ್ತೆ. ಕಿಟಕಿ ತೆರೆದಿರಲಿ. ಮನೆಯಲ್ಲಿ ಗಿಳಿ, ಲವ್‌ಬರ್ಡ್ಸ್ ಇದ್ದರೆ ಬೇರೆ ಕೋಣೆಗೆ ಕಳಿಸಿ. ನಾನ್‌ಸ್ಟಿಕ್ ಲೇಪನ ಮಿತಿ ಮೀರಿ ಕಾದರೆ, ಅಂದರೆ 260 ಡಿಗ್ರಿ ದಾಟಿದರೆ, ಬರುವ ಹೊಗೆ ಹಕ್ಕಿಗಳಿಗೆ ಪ್ರಾಣಾಂತಿಕ.

ಆಮೇಲೆ ಬ್ರೆಡ್ ಪರೀಕ್ಷೆ ಮಾಡಿ. ಜಾಲರಿ ತುಂಬಾ ಬ್ರೆಡ್ ಸ್ಲೈಸ್ ಜೋಡಿಸಿ, ಬೇಕ್ ಮೋಡ್‌ನಲ್ಲಿ 180 ಡಿಗ್ರಿಗೆ ಇಟ್ಟು, ಒಂದೆರಡು ಸ್ಲೈಸ್‌ಗೆ ಬಣ್ಣ ಬರುವವರೆಗೆ ಬಿಡಿ. ತೆಗೆದು ನೋಡಿದರೆ ಓವನ್‌ನ ಗುಣ ಪೂರ್ತಿ ಅಲ್ಲೇ ಕಾಣುತ್ತೆ. ಹಿಂದಿನ ಒಂದು ಮೂಲೆಯ ಸ್ಲೈಸ್ ಅಂಚು ಗಾಢ ಕಂದು, ನಡುವಿನದು ತಿಳಿ ಕಂದು, ಬಾಗಿಲ ಪಕ್ಕದ್ದು ಇನ್ನೂ ಬೆಳ್ಳಗೆ. ಗಾಜಿನ ಮೂಲಕ ಬಿಸಿ ಸೋರುವುದರಿಂದ ಮುಂಭಾಗ ಯಾವಾಗಲೂ ತಣ್ಣಗೆ. ಕೆಲವು ಓವನ್‌ಗಳಲ್ಲಿ ಒಂದೇ ಸ್ಲೈಸ್‌ನ ಅರ್ಧ ಸುಟ್ಟು ಅರ್ಧ ಹಸಿಯಾಗಿರುತ್ತೆ. ಇನ್ನು ಮುಂದೆ ಏನೇ ಮಾಡಿದರೂ ಅರ್ಧ ಸಮಯಕ್ಕೆ ಟ್ರೇಯನ್ನು ಹಿಂದುಮುಂದು ತಿರುಗಿಸಬೇಕಾ ಬೇಡವಾ ಅನ್ನುವುದು ಈ ಬಣ್ಣ ನೋಡಿಯೇ ಗೊತ್ತಾಗುತ್ತೆ. ಬ್ರೆಡ್ ದಂಡವಾಗಲ್ಲ, ಪುಡಿ ಮಾಡಿಟ್ಟರೆ ಕಟ್ಲೆಟ್‌ಗೆ ಆಗುತ್ತೆ.

ಗುಂಡಿ ತೋರಿಸುವ ಡಿಗ್ರಿಯನ್ನೂ ಪೂರ್ತಿ ನಂಬಬೇಡಿ. ಕಾಯಿಲ್ ಕಾಯುತ್ತೆ, ‘ಟಕ್’ ಅಂತ ಆರುತ್ತೆ, ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತೆ. 180ಕ್ಕೆ ಇಟ್ಟರೆ ಒಳಗೆ 160ಕ್ಕೂ 200ಕ್ಕೂ ನಡುವೆ ಓಲಾಡುತ್ತಿರುತ್ತೆ. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಕೇಕ್ ಮಾಡುವವರು ಅದನ್ನು ಕೊಂಡರೆ ನಷ್ಟವಿಲ್ಲ. ಫ್ಯಾನ್ ಇಲ್ಲದ ಓವನ್‌ಗೆ ಬರೆದ ರೆಸಿಪಿಯನ್ನು ಫ್ಯಾನ್ ಹಾಕಿ ಮಾಡುವಾಗ 20 ಡಿಗ್ರಿ ಇಳಿಸಿ.

ಈಗ ತಿಂಡಿಗೆ ಬರೋಣ. ಆಲೂಗಡ್ಡೆ ಬೆರಳುಗಳನ್ನು ಹೆಚ್ಚಿ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿದರೆ ಮೇಲಿನ ಪಿಷ್ಟ ಹೋಗುತ್ತೆ. ಆಮೇಲಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸುವುದು. ಒದ್ದೆಯಾಗಿಯೇ ಹಾಕಿದರೆ ಮೊದಲ ಹತ್ತು ನಿಮಿಷ ಯಂತ್ರ ಆ ನೀರು ಆರಿಸುವುದರಲ್ಲೇ ಕಳೆಯುತ್ತೆ. ನಾಲ್ಕು ಆಲೂಗಡ್ಡೆಗೆ ಎರಡು ಟೀ ಚಮಚ ಎಣ್ಣೆ ಹಾಕಿ ಕೈಯಲ್ಲಿ ಕಲಸಿ, ಕಾದ ಓವನ್‌ನಲ್ಲಿ 200 ಡಿಗ್ರಿ, 20 ನಿಮಿಷ ಆಸುಪಾಸು, ನಡುವೆ ಒಮ್ಮೆ ತಿರುಗಿಸಿ. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ನೀರು ಬಿಡುತ್ತೆ. ಹಾಸನದ ಕಡೆಯಿಂದ ಮಳೆಗಾಲದಲ್ಲಿ ಬರುವ ಹೊಸ ಆಲೂಗಡ್ಡೆಗೆ ಐದು ನಿಮಿಷ ಜಾಸ್ತಿ ಬೇಕಾಗಬಹುದು. ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆ ಬಳಸಬೇಡಿ. ತಣ್ಣಗಿರುವಾಗ ಅದರಲ್ಲಿ ಸಕ್ಕರೆ ಅಂಶ ಹೆಚ್ಚಿ, ಬೇಯುವ ಮುಂಚೆಯೇ ಕಪ್ಪಾಗುತ್ತೆ. ಪಿಷ್ಟದ ಪದಾರ್ಥ ಕಪ್ಪಗಾದಷ್ಟೂ ಅದರಲ್ಲಿ ಅಕ್ರಿಲಮೈಡ್ ಅನ್ನುವ ಬೇಡದ ರಾಸಾಯನಿಕ ಜಾಸ್ತಿಯಾಗುತ್ತೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಕೊಂಡ ಮೇಲೆ ಹಲವು ದೇಶಗಳು ಇದರ ಮೇಲೆ ಕಣ್ಣಿಟ್ಟಿವೆ. ಎಣ್ಣೆ ಕಮ್ಮಿಯಾದ ಮಾತ್ರಕ್ಕೆ ಈ ಸಮಸ್ಯೆ ಹೋಗಲ್ಲ. ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ.

ಎಣ್ಣೆ ಪೂರ್ತಿ ಬಿಡಬೇಡಿ ಅನ್ನುವುದಕ್ಕೆ ಬಂಗುಡೆ ರವಾ ಫ್ರೈ ಒಳ್ಳೆಯ ಉದಾಹರಣೆ. ಮಸಾಲೆ ಹಚ್ಚಿ, ಚಿರೋಟಿ ರವೆಯಲ್ಲಿ ಹೊರಳಿಸಿ ಹಾಗೇ ಇಟ್ಟರೆ 15 ನಿಮಿಷದ ನಂತರವೂ ರವೆ ಬಿಳಿಯಾಗೇ ಉಳಿದಿರುತ್ತೆ, ಬಾಯಿಗೆ ಮರಳು ಮರಳು. ಬ್ರಷ್‌ನಲ್ಲಿ ಎಣ್ಣೆ ತಾಗಿಸಿದ ಕಡೆ ಮಾತ್ರ ಕೆಂಪಗೆ, ಗರಿಯಾಗಿ ಬಂದಿರುತ್ತೆ, ಬಿಟ್ಟುಹೋದ ಜಾಗ ಎದ್ದು ಕಾಣುತ್ತೆ. ಒಣ ರವೆಗೆ ಬಿಸಿ ಹತ್ತಿಸಲು ಒಂದು ತೆಳ್ಳನೆ ಎಣ್ಣೆ ಪದರ ಬೇಕೇ ಬೇಕು. ಅಂಬೊಡೆ, ಕಟ್ಲೆಟ್, ಬಾಳೆಕಾಯಿ, ಸುವರ್ಣಗಡ್ಡೆಗೂ ಇದೇ ಮಾತು.

ಗೋಬಿ ಮಂಚೂರಿ ಮಾಡುವವರು ಹಿಟ್ಟನ್ನು ಸುರಿಯುವ ಹದಕ್ಕೆ ಕಲಸದೆ, ಹೂವಿಗೆ ಅಂಟಿ ನಿಲ್ಲುವಷ್ಟು ಗಟ್ಟಿಯಾಗಿ ಕಲಸಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೆ ಮನೆಯಲ್ಲೇ ಮಾಡುವವರು ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಸಾಕು. ಚಿಕನ್ ಕಬಾಬ್ ಹೊರಗೆ ಕೆಂಪಗಾಗಿದ್ದರೂ ದಪ್ಪ ತುಂಡೊಂದನ್ನು ಸೀಳಿ ನೋಡಿ. ಒಳಗೆ ಕನಿಷ್ಠ 74 ಡಿಗ್ರಿ ತಲುಪಿರಬೇಕು.

ಬದನೆಕಾಯಿಗೆ ಫೋರ್ಕಿನಲ್ಲಿ ಚುಚ್ಚದೆ ಇಟ್ಟರೆ ಒಳಗೆ ಆವಿ ಕಟ್ಟಿ ಸಿಡಿಯುತ್ತೆ, ಆಮೇಲೆ ಒಳಗೋಡೆ ಒರೆಸುವುದೇ ಕೆಲಸ. ಗೊಜ್ಜಿಗೆ ಬೇಕಾದ ಮೆತ್ತಗಿನ ತಿರುಳು ಅರ್ಧ ಗಂಟೆಯಲ್ಲಿ ಸಿಗುತ್ತೆ, ಕೆಂಡದ ಮೇಲೆ ಸುಟ್ಟ ಘಮ ಸಿಗಲ್ಲ. ಹಪ್ಪಳ ಹಗುರ, ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ಅಂಟಿ ಹೊತ್ತಿಕೊಳ್ಳಬಹುದು. ಮೇಲೊಂದು ಜಾಲರಿ ಮುಚ್ಚಬೇಕು. ನಿಜ ಹೇಳಬೇಕೆಂದರೆ ನಾಲ್ಕು ಹಪ್ಪಳಕ್ಕೆ ಗ್ಯಾಸ್ ಉರಿಯೇ ಸುಲಭ. ಕಡಲೆಬೀಜ ಮಾತ್ರ ಇದರಲ್ಲಿ ಮಾಡಿದ ಮೇಲೆ ಬಾಣಲೆಯಲ್ಲಿ ಹುರಿಯುವ ಮನಸ್ಸೇ ಬರಲ್ಲ: 160 ಡಿಗ್ರಿ, ಹತ್ತು ನಿಮಿಷ, ನಡುವೆ ಒಮ್ಮೆ ಕೈಯಾಡಿಸಿದರೆ ಪ್ರತಿ ಬೀಜವೂ ಒಂದೇ ಹದ.

ಮಲೆನಾಡು, ಕರಾವಳಿಯವರಿಗೆ ನಾನು ಇದನ್ನು ಶಿಫಾರಸು ಮಾಡುವುದು ಇನ್ನೊಂದು ಕಾರಣಕ್ಕೆ. ಜುಲೈ ಮಳೆಯಲ್ಲಿ ಡಬ್ಬಿಯಲ್ಲಿದ್ದ ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ ಮೆತ್ತಗಾಗುತ್ತವಲ್ಲ, 120 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಪೂರ್ತಿ ಆರಿಸಿ ಡಬ್ಬಿಗೆ ಹಾಕಿದರೆ ಮತ್ತೆ ಕುರುಕುರು. ಬೇಕರಿಯ ಪಫ್ಸ್, ಉಳಿದ ಸಮೋಸವೂ ಹೀಗೇ ಜೀವ ಪಡೆಯುತ್ತವೆ. ಮೈಕ್ರೋವೇವ್‌ನಲ್ಲಿ ಇವು ತೊಗಲಾಗುತ್ತವೆ. ಡಿಹೈಡ್ರೇಟ್ ಮೋಡ್‌ನಲ್ಲಿ ಸಂಡಿಗೆ ಒಣಗಿಸುವ ಉತ್ಸಾಹ ಬೇಡ. ಗಂಟೆಗಟ್ಟಲೆ ಓಡಿದರೂ ಒಂದು ಟ್ರೇಯಷ್ಟೇ. ಏಪ್ರಿಲ್ ಬಿಸಿಲಿಗೆ ಬೆಸ್ಕಾಂ ಬಿಲ್ ಕಳಿಸಲ್ಲ.

ಪಾತ್ರೆ ವಿಷಯದಲ್ಲಿ ಮೈಕ್ರೋವೇವ್ ಅಭ್ಯಾಸ ತಲೆಕೆಳಗು ಮಾಡಿಕೊಳ್ಳಿ. ಸ್ಟೀಲ್, ಅಲ್ಯುಮಿನಿಯಂ, ಎರಕದ ಕಬ್ಬಿಣ ಎಲ್ಲವೂ ಇಲ್ಲಿ ನಡೆಯುತ್ತೆ. ಪ್ಲಾಸ್ಟಿಕ್, ಮೆಲಮೈನ್ ನಡೆಯಲ್ಲ, ‘ಮೈಕ್ರೋವೇವ್ ಸೇಫ್’ ಅಂತ ಬರೆದಿದ್ದರೂ ಅಷ್ಟೇ. ಏರ್ ಫ್ರೈ ಮಾಡುವಾಗ ಜಾಲರಿಗೆ ಫಾಯಿಲ್ ಹಾಸಿದರೆ ಗಾಳಿಯ ದಾರಿ ಮುಚ್ಚುತ್ತೆ, ಕೊಂಡ ಉದ್ದೇಶವೇ ಹೋಯಿತು. ಬಟರ್ ಪೇಪರ್ ಮೇಲೆ ತೂಕ ಇಲ್ಲದಿದ್ದರೆ ಅದೂ ಹಾರಿ ಕಾಯಿಲ್ ಸೇರುತ್ತೆ. ಎರಡು ಟ್ರೇ ಒಟ್ಟಿಗೆ ಇಟ್ಟರೆ ಗಾಳಿ ಎಲ್ಲ ಮೇಲಿನದಕ್ಕೇ, ಅರ್ಧ ಸಮಯಕ್ಕೆ ಅದಲುಬದಲು ಮಾಡಿ.

ಹೊಗೆ ಬರುತ್ತೆ ಅನ್ನುವ ದೂರು ಸಾಮಾನ್ಯ. ಕಾರಣ ಬಹುತೇಕ ಒಂದೇ: ಹಿಂದಿನ ಸಲದ ಜಿಡ್ಡು. ಚಿಕನ್, ಮೀನಿನ ಕೊಬ್ಬು ಸಿಡಿದು ಚಾವಣಿಗೂ ಮೇಲಿನ ಕಾಯಿಲ್‌ಗೂ ಅಂಟಿರುತ್ತೆ, ಮಾರನೆಯ ದಿನ ಅದು ಉರಿದು ಕೇಕ್‌ಗೂ ಬಂಗುಡೆ ವಾಸನೆ ಬರುತ್ತೆ. ಪ್ಲಗ್ ಕಿತ್ತು, ಕೈಗೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎರಡು ನಿಮಿಷದ ಕೆಲಸ. ವಾರ ಬಿಟ್ಟರೆ ಅಡುಗೆ ಸೋಡಾ ಕಲಸಿ ಹಚ್ಚಿ ಕಾಯಬೇಕು. ಕಾಯಿಲ್ ಮೇಲೆ ನೀರು ಚಿಮುಕಿಸಬೇಡಿ. ನಾನ್‌ಸ್ಟಿಕ್ ಟ್ರೇಗೆ ಸ್ಟೀಲ್ ನಾರು ಮುಟ್ಟಿಸಬೇಡಿ. ಬುಟ್ಟಿಯ ಏರ್ ಫ್ರೈಯರ್ ತೊಳೆಯುವುದಕ್ಕಿಂತ ಇದು ಕಷ್ಟ ಅನ್ನುವುದು ನಿಜವೇ.

ಮನೆಯಲ್ಲಿ ಈಗಾಗಲೇ ಫ್ಯಾನ್ ಇರುವ ಓಟಿಜಿ ಅಥವಾ ಕನ್ವೆಕ್ಷನ್ ಮೈಕ್ರೋವೇವ್ ಇದ್ದರೆ ಹೊಸದು ಕೊಳ್ಳುವ ಮುಂಚೆ ಒಂದು ಸಂಜೆ ಅದರಲ್ಲೇ ಆಲೂಗಡ್ಡೆ ಮಾಡಿ ನೋಡಿ. ಒರೆಸಿದ ತುಂಡುಗಳನ್ನು ಟ್ರೇ ಬದಲು ಜಾಲರಿ ಮೇಲೆ ಹರಡಿ, ಮೇಲಿನ ಹಂತದಲ್ಲಿಟ್ಟು, ಚೆನ್ನಾಗಿ ಕಾಯಿಸಿ, ಫ್ಯಾನ್ ಹಾಕಿ 220 ಡಿಗ್ರಿ ಅಥವಾ ಅದರ ಗರಿಷ್ಠ ಬಿಸಿಯಲ್ಲಿ 25-30 ನಿಮಿಷ ಬಿಡಿ. ಬಂದದ್ದು ಮನೆಯವರಿಗೆ ಹಿಡಿಸಿದರೆ ಆ ದುಡ್ಡು ಉಳಿಯಿತು. ಬೆಂದಿದೆ, ಆದರೆ ಗರಿ ಸಾಲದು ಅಂದರೆ ಕೊರತೆ ಇರುವುದು ಗಾಳಿಯಲ್ಲಿ, ಅದನ್ನು ಹೊಸ ಓವನ್ ನೀಗಿಸುತ್ತೆ. ಅಂಗಡಿಗೆ ಹೋಗುವಾಗ ಅಡುಗೆ ಕಟ್ಟೆಯ ಅಗಲ, ಮೇಲಿನ ಕಪಾಟಿನವರೆಗಿನ ಎತ್ತರ, ಹತ್ತಿರದ ಪವರ್ ಪಾಯಿಂಟ್ ಎಷ್ಟು ದೂರ ಅನ್ನುವುದನ್ನು ಅಳೆದು ಬರೆದುಕೊಂಡು ಹೋಗಿ. ಓವನ್‌ಗಳ ವೈರ್ ಬಹುತೇಕ ಒಂದು ಮೀಟರ್ ಆಸುಪಾಸು ಮಾತ್ರ ಇರುತ್ತೆ.